ಕೊಡೆಯ ಬಿಡಿಭಾಗ: ಮೊದಲು ಕೋಡ್, ಆಮೇಲೆ ಪೆಟ್ಟಿಗೆ

ಕೊಡೆಯ ಬಿಡಿಭಾಗ ಹೊರದೇಶಕ್ಕೆ ಕಳಿಸುವವರು ಬಹಳಷ್ಟು ಸಲ ಪ್ಯಾಕಿಂಗ್ ಮುಗಿಸಿ, ಆಮೇಲೆ ಎಚ್‌ಎಸ್ ಕೋಡ್ (ಕಸ್ಟಮ್ಸ್‌ಗಾಗಿ ಸರಕನ್ನು ವಿಂಗಡಿಸುವ ಅಂತರರಾಷ್ಟ್ರೀಯ ಸಂಖ್ಯೆ) ಯಾವುದು ಎಂದು ಕೇಳುತ್ತಾರೆ. ಅಷ್ಟರಲ್ಲಿ ಫ್ರೇಮು, ಬಟ್ಟೆ, ಹಿಡಿ ಎಲ್ಲವೂ ಒಂದೇ ಪೆಟ್ಟಿಗೆ ಸೇರಿರುತ್ತವೆ. ಕಸ್ಟಮ್ಸ್‌ನವರು ತೆರೆದು ನೋಡಿದರೆ ಮೂರು ಕೋಡಿನ ಸರಕು ಕಲಸಿಹೋಗಿರುತ್ತದೆ.

ಈ ಕೋಡುಗಳ ಪಟ್ಟಿಯಲ್ಲಿ ಕೊಡೆಗಳದ್ದು 66ನೇ ಅಧ್ಯಾಯ. ಪೂರ್ತಿ ಕೊಡೆ 6601, ಬಿಡಿಭಾಗ 6603. ಫ್ರೇಮು ಕೋಲಿಗೆ ಜೋಡಿಸಿದ್ದರೂ ಇಲ್ಲದಿದ್ದರೂ 6603.20. ಬಿಡಿ ಹಿಡಿ, ರನ್ನರ್ (ಕೊಡೆ ಬಿಚ್ಚುವಾಗ ಕೋಲಿನ ಮೇಲೆ ಜಾರುವ ಭಾಗ) ಇಂಥವು 6603.90.

ಜನ ಎಡವುವುದು ಬಟ್ಟೆಯಲ್ಲಿ. ಕೊಡೆಗೆಂದೇ ಕತ್ತರಿಸಿ ಹೊಲಿದಿದ್ದರೂ ಅದು 6603ಕ್ಕೆ ಬರುವುದಿಲ್ಲ. ಅಧ್ಯಾಯದ 2ನೇ ಟಿಪ್ಪಣಿಯೇ ಅದನ್ನು ಹೊರಗಿಟ್ಟಿದೆ. ಅದು ಜವಳಿಯ ಲೆಕ್ಕ. ಕೊಡೆಯ ಚೀಲವೂ ಅಷ್ಟೇ, ಯಾವುದರಿಂದ ಮಾಡಿದ್ದರೂ 6603 ಅಲ್ಲ. ಬರೀ ಉದ್ದಕ್ಕೆ ಕತ್ತರಿಸಿದ ಉಕ್ಕಿನ ಕೊಳವೆ ಲೋಹದ ಅಧ್ಯಾಯಕ್ಕೆ ಹೋಗುತ್ತದೆ.

ಆದರೆ ಫ್ರೇಮು, ಬಟ್ಟೆ, ಹಿಡಿ ಲೆಕ್ಕಕ್ಕೆ ಸರಿಯಾಗಿ ಒಟ್ಟಿಗೇ ಬಂದು, ಅಲ್ಲಿ ಜೋಡಿಸಿದರೆ ಕೊಡೆಯೇ ಆಗುವಂತಿದ್ದರೆ? ವರ್ಗೀಕರಣದ ನಿಯಮ 2(ಎ) ಪ್ರಕಾರ ಅದು ಪೂರ್ತಿ ಕೊಡೆ, 6601. ಸುಂಕ ಉಳಿಸಲು ಬಿಚ್ಚಿ ಕಳಿಸುವ ಉಪಾಯ ನಡೆಯುವುದಿಲ್ಲ. ದಯವಿಟ್ಟು ಅದಕ್ಕೆ ಕೈ ಹಾಕಬೇಡಿ.

ಕೋಡ್ ಗೊತ್ತಾಯಿತು ಅಂದರೆ ಪೆಟ್ಟಿಗೆಯೂ ಬೇರೆಯಾಯಿತು. ಬಟ್ಟೆಗೂ ಇದೇ ಒಳ್ಳೆಯದು, ಕಡ್ಡಿಯ ತುದಿ ಚುಚ್ಚುವುದಿಲ್ಲ, ತುಕ್ಕಿನ ಕಲೆ ಹತ್ತುವುದಿಲ್ಲ. ಮಡಚಿದ ಫ್ರೇಮುಗಳನ್ನು ಒಂದರ ತಲೆ ಇನ್ನೊಂದರ ಬುಡಕ್ಕೆ ಬರುವಂತೆ ಮಲಗಿಸಿ, ಜಾಗ ಉಳಿಯುತ್ತದೆ. ಪೆಟ್ಟಿಗೆಯ ಎರಡೂ ಕೊನೆಗೆ ದಪ್ಪ ರಟ್ಟು ಕೊಡಿ. ಬಟನ್ ಒತ್ತಿದರೆ ಬಿಚ್ಚಿಕೊಳ್ಳುವ ಫ್ರೇಮನ್ನು ಒಂದೊಂದಾಗಿ ಕಟ್ಟಲೇಬೇಕು. ಮೇಲಿನ ಭಾರಕ್ಕೆ ಬಟನ್ ಒತ್ತಿಹೋದರೆ ಸ್ಪ್ರಿಂಗು ಒಳಗಿಂದಲೇ ಪೆಟ್ಟಿಗೆಯನ್ನು ಉಬ್ಬಿಸಿಬಿಡುತ್ತದೆ. ಹಡಗಿನ ಕಂಟೇನರ್ ಒಳಗೆ ನೀರು ಹನಿಗಟ್ಟುವುದು ಮಾಮೂಲು, ಉಕ್ಕಿನ ಕಡ್ಡಿ ಜೊತೆ ಸಿಲಿಕಾ ಜೆಲ್ ಇರಲಿ.

ಬಾಡಿಗೆ ವಿಷಯಕ್ಕೆ ಬಂದರೆ, ವಿಮಾನದಲ್ಲಿ ಸಾಮಾನ್ಯವಾಗಿ 6,000 ಘನ ಸೆಂಟಿಮೀಟರ್‌ಗೆ 1 ಕಿಲೋ ಎಂದು ಹಿಡಿಯುತ್ತಾರೆ. ಈ ಲೆಕ್ಕದ ತೂಕ, ನಿಜವಾದ ತೂಕ, ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಬಾಡಿಗೆ. 100×30×20 ಸೆಂಟಿಮೀಟರ್ ಪೆಟ್ಟಿಗೆ ಅಂದರೆ 10 ಕಿಲೋ. ಅದರಲ್ಲಿ 6 ಕಿಲೋ ಹಿಡಿಗಳನ್ನು ಸುಮ್ನೆ ಸುರಿದರೂ 10 ಕಿಲೋದ ಬಾಡಿಗೆಯೇ. ಅದೇ ಪೆಟ್ಟಿಗೆಯಲ್ಲಿ 18 ಕಿಲೋ ಫ್ರೇಮ್ ಇದ್ದರೆ ನಿಜವಾದ ತೂಕಕ್ಕೆ ಕೊಡುತ್ತೀರಿ. ಹಾಗಾಗಿ ಪೆಟ್ಟಿಗೆ ಚಿಕ್ಕದು ಮಾಡಿದ್ದರ ಲಾಭ ಜಾಸ್ತಿ ಸಿಗುವುದು ಹಿಡಿಗಳಲ್ಲಿ.

ಇನ್‌ವಾಯ್ಸ್‌ನಲ್ಲಿ ‘ಕೊಡೆ ಬಿಡಿಭಾಗ’ ಎಂದಷ್ಟೇ ಬರೆಯಬೇಡಿ. ‘ಉಕ್ಕಿನ ಕೊಡೆ ಫ್ರೇಮ್, ಕೋಲು ಸಹಿತ, ಬಟ್ಟೆ ಇಲ್ಲ’ ಎಂದು ಬರೆಯಿರಿ. ಪ್ಯಾಕಿಂಗ್ ಲಿಸ್ಟ್‌ನಲ್ಲೂ ಇದೇ ಮಾತು, ಪೆಟ್ಟಿಗೆ ನಂಬರ್ ಜೊತೆಗೆ.