ಲೆಡ್-ಆಸಿಡ್ ಬ್ಯಾಟರಿಯಿಂದ ಲಿಥಿಯಂ ಪ್ಯಾಕ್‌ಗೆ ವೇಗದ ಚಾರ್ಜಿಂಗ್: ಹನ್ನೊಂದು ನಾಲ್ಕಾಗುವ ಲೆಕ್ಕ

ವಿದ್ಯುತ್ ಸಂಪರ್ಕವಿಲ್ಲದ ಬಯಲಿನಲ್ಲಿ ಡ್ರೋನ್ ಹಾರಿಸುವವರು 12 ವೋಲ್ಟ್‌ನ ಲೆಡ್-ಆಸಿಡ್ ಬ್ಯಾಟರಿಯಿಂದ ಲಿಥಿಯಂ ಪ್ಯಾಕ್‌ಗಳನ್ನು ಚಾರ್ಜ್ ಮಾಡಿಕೊಳ್ಳುತ್ತಾರೆ. ನಡುವೆ ಡಿಸಿ ಚಾರ್ಜರ್ ಇರಲೇಬೇಕು. ನೇರವಾಗಿ ಜೋಡಿಸಿದರೆ ಪ್ರವಾಹಕ್ಕೆ ಕಡಿವಾಣವಿಲ್ಲ, ಸೆಲ್‌ಗಳನ್ನು ಸರಿತೂಗಿಸುವ ವ್ಯವಸ್ಥೆಯೂ ಇಲ್ಲ. ಅದು ಅಪಾಯಕಾರಿ, ಅಷ್ಟೇ.

ಆರು ಸೆಲ್‌ಗಳ, 5 ಆಂಪಿಯರ್-ಅವರ್ ಪ್ಯಾಕ್ ತೆಗೆದುಕೊಳ್ಳಿ. 2ಸಿ ವೇಗವೆಂದರೆ ಆಂಪಿಯರ್-ಅವರ್ ಅಂಕಿಯ ಎರಡರಷ್ಟು ಪ್ರವಾಹ, ಇಲ್ಲಿ 10 ಆಂಪಿಯರ್. ಪ್ಯಾಕ್ 25.2 ವೋಲ್ಟ್ ಮುಟ್ಟುವ ಹೊತ್ತಿಗೆ ಅದು 252 ವ್ಯಾಟ್. ಚಾರ್ಜರ್‌ನ ದಕ್ಷತೆ ಶೇ. 85 ಎಂದುಕೊಂಡರೆ ಲೆಡ್-ಆಸಿಡ್ ಕಡೆಯಿಂದ ಸುಮಾರು 296 ವ್ಯಾಟ್ ಬರಬೇಕು, ಅಂದರೆ 25 ಆಂಪಿಯರ್. ಚಾರ್ಜರ್‌ನ ಪರದೆ 10 ಎಂದು ತೋರಿಸುತ್ತಿರುವಾಗ ಒಳಬರುವ ವೈರ್ 25ರ ಭಾರ ಹೊತ್ತಿರುತ್ತದೆ. ಬ್ಯಾಟರಿ 11.2 ವೋಲ್ಟ್‌ಗೆ ಕುಸಿದರೆ ಅದೇ ವ್ಯಾಟ್‌ಗಾಗಿ ಚಾರ್ಜರ್ 26 ಆಂಪಿಯರ್‌ಗೂ ಹೆಚ್ಚು ಎಳೆಯುತ್ತದೆ. ದಣಿದವನ ಮೇಲೇ ಇನ್ನಷ್ಟು ಹೊರೆ! ಆದ್ದರಿಂದ ದಪ್ಪ ವೈರ್, ಬ್ಯಾಟರಿಯ ಧನ ತುದಿಗೆ ಹತ್ತಿರದಲ್ಲೇ ಫ್ಯೂಸ್.

ಈಗ ಎಲ್ಲರೂ ಎಡವುವ ಜಾಗ. ಬ್ಯಾಟರಿಯ ಮೇಲೆ 100 ಆಂಪಿಯರ್-ಅವರ್ ಎಂದಿದ್ದರೆ ಅದು ಸಾಮಾನ್ಯವಾಗಿ 20 ಗಂಟೆಗಳ ಲೆಕ್ಕ: 5 ಆಂಪಿಯರ್‌ನಂತೆ ನಿಧಾನವಾಗಿ ತೆಗೆದರೆ ಮಾತ್ರ ಅಷ್ಟು. ಎಳೆತ ಜೋರಾದಷ್ಟೂ ಸಿಗುವ ಪಾಲು ಕಡಿಮೆ. ಇದೇ ಪ್ಯೂಕರ್ಟ್ ನಿಯಮ. ಅದರ ಸೂತ್ರದಲ್ಲಿ ಬರುವ ಘಾತವನ್ನು 1.2 ಎಂದು ಹಿಡಿದರೆ 25 ಆಂಪಿಯರ್‌ನಲ್ಲಿ ಸಿಗುವುದು ಸುಮಾರು 72 ಆಂಪಿಯರ್-ಅವರ್. ಬ್ಯಾಟರಿ ಬೇಗ ಹಾಳಾಗದಿರಲು ಅದರಲ್ಲಿ ಅರ್ಧವನ್ನಷ್ಟೇ ಬಳಸಿದರೆ ಉಳಿಯುವುದು ಸುಮಾರು 430 ವ್ಯಾಟ್-ಅವರ್. ಶೇ. 80ರಷ್ಟು ಖಾಲಿಯಾದ ಒಂದು ಪ್ಯಾಕ್‌ಗೆ, ನಷ್ಟವೂ ಸೇರಿ, 104 ವ್ಯಾಟ್-ಅವರ್ ಬೇಕು. ಹೊರಗಿನ ಅಂಕಿ ನಂಬಿದವನು ಹನ್ನೊಂದು ಪ್ಯಾಕ್ ಎಣಿಸುತ್ತಾನೆ, ಸಿಗುವುದು ನಾಲ್ಕು.

ಅಂಥದೇ ಇನ್ನೊಂದು ಬ್ಯಾಟರಿಯನ್ನು ಸಮಾಂತರವಾಗಿ ಸೇರಿಸಿದರೆ ಎಂಟಲ್ಲ, ಒಂಬತ್ತು ಪ್ಯಾಕ್ ತುಂಬುತ್ತವೆ, ಏಕೆಂದರೆ ಒಂದೊಂದರ ಮೇಲಿನ ಎಳೆತವೂ ಅರ್ಧವಾಯಿತು. ಚಾರ್ಜರ್ 24 ವೋಲ್ಟ್ ತಡೆದುಕೊಳ್ಳುವಂತಿದ್ದರೆ ಸರಣಿಯಲ್ಲಿ ಜೋಡಿಸುವುದು ಇನ್ನೂ ಜಾಣತನ: ವೈರ್‌ನಲ್ಲಿ ಪ್ರವಾಹ ಅರ್ಧ, ಶಾಖದ ನಷ್ಟ ಕಾಲುಭಾಗ.

1ಸಿ ಬದಲು 2ಸಿ ಇಟ್ಟರೆ ಸಮಯವೂ ಅರ್ಧವಾಗುತ್ತದೆ ಎಂದುಕೊಳ್ಳಬೇಡಿ. ಕೊನೆಯ ಸ್ಥಿರ ವೋಲ್ಟೇಜ್ ಹಂತದಲ್ಲಿ ಪ್ರವಾಹ ತಾನಾಗಿ ಇಳಿಯುತ್ತದೆ, ಅಲ್ಲಿ ಅವಸರ ನಡೆಯುವುದಿಲ್ಲ. ಪ್ಯಾಕ್ ತಯಾರಕರು ಹೇಳಿದ ಮಿತಿಯನ್ನು ಮೀರುವಂತೆಯೂ ಇಲ್ಲ. ಶೂನ್ಯ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಲಿಥಿಯಂ ಲೋಹವಾಗಿ ಆನೋಡ್‌ನ (ಸೆಲ್‌ನ ಋಣ ವಿದ್ಯುದ್ವಾರ) ಮೇಲೆ ಕೂರುತ್ತದೆ.

ಲೆಡ್-ಆಸಿಡ್ ಅನ್ನು ಮರಳಿ ತುಂಬಿಸಲು ಹಲವು ಗಂಟೆಗಳು ಬೇಕು. ಆ ಕೆಲಸವನ್ನು ಅದೇ ದಿನ ಆರಂಭಿಸಿ. ಖಾಲಿಯಾಗಿಯೇ ಬಿಟ್ಟರೆ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ, ಮುಂದಿನ ಸಲ ನಾಲ್ಕು ಪ್ಯಾಕ್‌ಗಳೂ ಸಿಗುವುದಿಲ್ಲ.