ಶಾಸನ, ಓಲೆಗರಿ, ಸಂದರ್ಶನ: ಮಲೆನಾಡಿನ ಇತಿಹಾಸ ಬರೆಯುವವರಿಗೆ ಅಡಿಟಿಪ್ಪಣಿಯ ಪಾಠ

ಅಡಿಟಿಪ್ಪಣಿಯ ಕೆಲಸ ಒಂದೇ. ನಾವು ಕಂಡ ಸಾಲನ್ನು ಓದುಗರೂ ತಡಕಾಡದೆ ಕಾಣುವಂತಾಗಬೇಕು. ಅಲ್ಪವಿರಾಮ ಎಲ್ಲಿ ಬರಬೇಕು, ಆವರಣ ಎಲ್ಲಿ ಮುಚ್ಚಬೇಕು ಎಂಬುದೆಲ್ಲ ಆಮೇಲಿನ ಮಾತು. ಶಿವಮೊಗ್ಗ ಸೀಮೆಯ ವಿಷಯ ಆರಿಸಿಕೊಂಡ ವಿದ್ಯಾರ್ಥಿಗಳಿಗೆ ಇದು ಬೇಗ ಅರಿವಾಗುತ್ತದೆ. ತಾಳಗುಂದದ ಕಂಬ, ಹುಂಚದ ಬಸದಿ ಶಾಸನ, ಕೆಳದಿಯ ಓಲೆಗರಿ, ಇಕ್ಕೇರಿಗೆ ಬಂದ ಪ್ರವಾಸಿಯ ಪತ್ರ, ಗೇಣಿದಾರರ ಕಾಗೋಡು ಸತ್ಯಾಗ್ರಹ ಕಂಡವರ ನೆನಪು ಎಲ್ಲವೂ ಒಂದೇ ಪ್ರಬಂಧದಲ್ಲಿ ಸೇರಬಹುದು; ಎಲ್ಲಕ್ಕೂ ಒಂದೇ ಅಚ್ಚು ಹೊಂದುವುದಿಲ್ಲ.

ಪುಸ್ತಕದ ಮಾದರಿ ಸುಲಭ: ಲೇಖಕರ ಹೆಸರು, ಕೃತಿಯ ಹೆಸರು, ಆವರಣದಲ್ಲಿ ಊರು, ಪ್ರಕಾಶಕರು ಮತ್ತು ವರ್ಷ, ಕೊನೆಗೆ ಪುಟ. ನಿಯತಕಾಲಿಕದ ಲೇಖನವಾದರೆ ಪತ್ರಿಕೆಯ ಹೆಸರು, ಸಂಪುಟ, ಸಂಚಿಕೆ ಸೇರುತ್ತವೆ. ಎರಡನೆಯ ಬಾರಿ ಅದೇ ಕೃತಿ ಬಂದಾಗ ‘ಅದೇ, ಪು. 31’ ಎಂದು ಬರೆಯುವುದು ನಮ್ಮಲ್ಲಿ ವಾಡಿಕೆ. ಕರಡು ತಿದ್ದುವಾಗ ಇದು ಕೈಕೊಡುತ್ತದೆ: ನಡುವೆ ಹೊಸ ಟಿಪ್ಪಣಿಯೊಂದನ್ನು ಸೇರಿಸಿದ ಕೂಡಲೇ ‘ಅದೇ’ ಬೇರೆ ಪುಸ್ತಕದತ್ತ ಕೈ ತೋರಿಸುತ್ತದೆ. ಲೇಖಕರ ಹೆಸರು, ಕೃತಿಯ ಕಿರುಹೆಸರು, ಪುಟ ಎಂದು ಬರೆಯುವುದೇ ಕ್ಷೇಮ. ಬರಹ, ಉಲ್ಲೇಖಗಳ ನಿಯಮ ಹೇಳುವ ಶಿಕಾಗೋ ಕೈಪಿಡಿಯ 2017ರ ಆವೃತ್ತಿಯೂ ಇದನ್ನೇ ಮೆಚ್ಚುತ್ತದೆ.

ನಿಜವಾದ ಶ್ರಮ ಇರುವುದು ಶಾಸನಗಳಲ್ಲಿ. ಬಿ.ಎಲ್. ರೈಸ್ ಅವರು ಸಂಪಾದಿಸಿದ ಶಾಸನಸಂಪುಟಗಳ ಮಾಲೆ ಎಪಿಗ್ರಾಫಿಯಾ ಕರ್ನಾಟಿಕದ (ಎ.ಕ.) 7ನೆಯ ಸಂಪುಟ (1902) ಮತ್ತು 8ನೆಯ ಸಂಪುಟ (1904) ಅಂದಿನ ಶಿವಮೊಗ್ಗ ಜಿಲ್ಲೆಯವು. ಶಿವಮೊಗ್ಗ, ಶಿಕಾರಿಪುರ, ಹೊನ್ನಾಳಿ, ಚನ್ನಗಿರಿ ಮೊದಲನೆಯದರಲ್ಲಿವೆ. ಸೊರಬ, ಸಾಗರ, ನಗರ, ತೀರ್ಥಹಳ್ಳಿ ಎರಡನೆಯದರಲ್ಲಿವೆ. ಇಲ್ಲಿ ಪುಟಸಂಖ್ಯೆಯೊಂದನ್ನೇ ಕೊಟ್ಟರೆ ಸಾಲದು, ಏಕೆಂದರೆ ಶಾಸನಪಾಠಕ್ಕೂ ಅನುವಾದಕ್ಕೂ ಪುಟಗಳ ಎಣಿಕೆ ಬೇರೆ ಬೇರೆ. ಆದ್ದರಿಂದ ತಾಲ್ಲೂಕಿನ ಹೆಸರು ಮತ್ತು ಶಾಸನದ ಸಂಖ್ಯೆಯೇ ವಿಳಾಸ: ‘ಎ.ಕ. 7, ಶಿಕಾರಿಪುರ 176’. ಇದು ತಾಳಗುಂದದ ಸ್ತಂಭಶಾಸನ.

ಈ ತಾಲ್ಲೂಕುಗಳು ರೈಸ್ ಅವರ ಕಾಲದವು ಎಂಬುದನ್ನು ಮರೆಯಬೇಡಿ. ಇಂದಿನ ಹೊಸನಗರ ತಾಲ್ಲೂಕಿನ ಹುಂಚದ ಶಾಸನಗಳು ‘ನಗರ’ದ ಅಡಿಯಲ್ಲಿವೆ. ಹೊನ್ನಾಳಿ, ಚನ್ನಗಿರಿಗಳು 1997ರಿಂದ ದಾವಣಗೆರೆ ಜಿಲ್ಲೆಯಲ್ಲಿವೆ. ಟಿಪ್ಪಣಿಯಲ್ಲಿ ಹಳೆಯ ಹೆಸರನ್ನೇ ಉಳಿಸಿ, ಇಂದಿನ ತಾಲ್ಲೂಕನ್ನು ಆವರಣದಲ್ಲಿ ಸೇರಿಸಿದರೆ ಸಂಪುಟ ತೆರೆಯುವವರಿಗೂ ಊರಿಗೆ ಹೋಗುವವರಿಗೂ ಅನುಕೂಲ. ಮೈಸೂರು ವಿಶ್ವವಿದ್ಯಾನಿಲಯ 1972ರಿಂದ ಹೊರತಂದ ಪರಿಷ್ಕೃತ ಸಂಪುಟಗಳ ವಿಂಗಡಣೆ ಬೇರೆಯಾದ್ದರಿಂದ, ಯಾವ ಆವೃತ್ತಿ ಎಂಬುದನ್ನು ಮೊದಲ ಟಿಪ್ಪಣಿಯಲ್ಲೇ ಹೇಳಿಬಿಡಿ.

ತಾಳಗುಂದವನ್ನೇ ಮುಂದುವರಿಸೋಣ. ಮಯೂರಶರ್ಮ ಕಂಚಿಗೆ ಓದಲು ಹೋದದ್ದು, ಅಲ್ಲಿ ಪಲ್ಲವರ ಕುದುರೆ ಸವಾರನೊಡನೆ ಜಗಳವಾದದ್ದು, ಸಿಡಿದೆದ್ದು ರಾಜ್ಯ ಕಟ್ಟಿದ್ದು ಎಲ್ಲವೂ ಕುಬ್ಜನೆಂಬ ಕವಿ ರಚಿಸಿದ ಈ ಸಂಸ್ಕೃತ ಶಾಸನದಲ್ಲಿದೆ. ಇಷ್ಟು ದೀರ್ಘವಾದ ಕಾವ್ಯಕ್ಕೆ ಶಾಸನಸಂಖ್ಯೆ ಮಾತ್ರ ಕೊಟ್ಟರೆ ಓದುಗರು ಇಡೀ ಕಂಬವನ್ನು ಹುಡುಕಬೇಕಾಗುತ್ತದೆ, ಶ್ಲೋಕಸಂಖ್ಯೆಯನ್ನೂ ಕೊಡಿ. ಜರ್ಮನ್ ವಿದ್ವಾಂಸ ಕೀಲ್‌ಹಾರ್ನ್ ಇದೇ ಶಾಸನವನ್ನು ಎಪಿಗ್ರಾಫಿಯಾ ಇಂಡಿಕಾ ಎಂಬ ಶಾಸನ ಪತ್ರಿಕೆಯ 8ನೆಯ ಸಂಪುಟದಲ್ಲಿ ಮತ್ತೆ ಸಂಪಾದಿಸಿದ್ದಾರೆ. ನೀವು ಅವಲಂಬಿಸಿದ್ದು ಅವರ ಪಾಠವಾದರೆ ಅದನ್ನೇ ಹೆಸರಿಸಬೇಕು. ಇನ್ನೊಂದು ಮುಖ್ಯ ಸಂಗತಿ: ಈ ಶಾಸನದಲ್ಲಿ ವರ್ಷದ ಉಲ್ಲೇಖವಿಲ್ಲ. ‘ಐದನೆಯ ಶತಮಾನ’ ಎಂಬುದು ವಿದ್ವಾಂಸರ ನಿರ್ಣಯ, ಕಲ್ಲಿನ ಮಾತಲ್ಲ. ಆ ನಿರ್ಣಯ ಯಾರದೋ ಅವರಿಗೆ ಪ್ರತ್ಯೇಕ ಟಿಪ್ಪಣಿ ಸಲ್ಲಬೇಕು.

ಶಕವರ್ಷ ಇರುವ ಶಾಸನಗಳಲ್ಲಿ ಶಕವನ್ನೂ ಕ್ರಿಸ್ತಶಕವನ್ನೂ ಕೊಡಿ. 78 ಕೂಡಿಸುವುದು ಸಾಮಾನ್ಯ ಲೆಕ್ಕ. ಮಾಘ, ಫಾಲ್ಗುಣದ ತಿಥಿಗಳು ಮುಂದಿನ ಕ್ರಿಸ್ತವರ್ಷಕ್ಕೆ ಸೇರುವುದರಿಂದ ಅಲ್ಲಿ 79.

ಕಣ್ಣಾರೆ ಓದದ ಪುಸ್ತಕವನ್ನು ಓದಿದಂತೆ ತೋರಿಸುವುದು ನನ್ನ ದೃಷ್ಟಿಯಲ್ಲಿ ಸುಳ್ಳು ಸಾಕ್ಷಿಗೆ ಸಮ. ಇಟಲಿಯ ಪ್ರವಾಸಿ ಪಿಯೆತ್ರೋ ದೆಲ್ಲಾ ವಾಲೆ 1623ರಲ್ಲಿ ಇಕ್ಕೇರಿಗೆ ಬಂದವನು, ಬರೆದದ್ದು ಇಟಾಲಿಯನ್ ಭಾಷೆಯಲ್ಲಿ. ನಾವು ಬಹುಮಂದಿ ನೋಡುವುದು ಹಕ್ಲುಯಿಟ್ ಸೊಸೈಟಿ 1892ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಅನುವಾದ. ಟಿಪ್ಪಣಿಯಲ್ಲಿ ಆ ಆವೃತ್ತಿಯೇ ಬರಬೇಕು. ಅದನ್ನೂ ನೋಡದೆ ಬೇರೊಬ್ಬರ ಕೃತಿಯಿಂದ ಎತ್ತಿಕೊಂಡಿದ್ದರೆ ‘ಉದ್ಧೃತ:’ ಎಂದು ಸೇರಿಸಿ ಆ ಕೃತಿಯ ಪುಟ ಕೊಡಿ. ಹಾಗೆ ಬರೆಯುವುದರಿಂದ ಮಾನ ಹೋಗುವುದಿಲ್ಲ. ಬ್ರಿಟಿಷರ ಪರವಾಗಿ ಮೈಸೂರು ಸೀಮೆ ಸುತ್ತಿದ ಬುಕಾನನ್ ಸಂಚರಿಸಿದ್ದು 1800–01ರಲ್ಲಿ, ಪುಸ್ತಕ ಅಚ್ಚಾದದ್ದು 1807ರಲ್ಲಿ; ಟಿಪ್ಪಣಿಗೆ ಅಚ್ಚಿನ ವರ್ಷ, ಪ್ರಬಂಧದ ವಾಕ್ಯಕ್ಕೆ ಸಂಚಾರದ ವರ್ಷ.

ಓಲೆಗರಿ, ಕಡತಗಳಿಗೆ ಸಂಗ್ರಹಾಲಯದ ಹೆಸರು, ಊರು, ಅಲ್ಲಿನ ಕಟ್ಟಿನ ಸಂಖ್ಯೆ, ಗರಿಯ ಸಂಖ್ಯೆ ಮತ್ತು ಬದಿ ಬೇಕು. ಸಂಖ್ಯೆ ಹಾಕದ ಕಟ್ಟಾದರೆ ‘ಸಂಖ್ಯೆಯಿಲ್ಲ’ ಎಂದೇ ಬರೆದು ಮೊದಲ ಸಾಲನ್ನು ಉದ್ಧರಿಸಿ.

1951ರ ಕಾಗೋಡು ಸತ್ಯಾಗ್ರಹದ ಬಗ್ಗೆ ಹಿರಿಯರನ್ನು ಮಾತನಾಡಿಸಿದರೆ ಹೆಸರು, ಊರು, ದಿನಾಂಕ, ಧ್ವನಿಮುದ್ರಣ ಎಲ್ಲಿದೆ ಎಂಬುದು ಟಿಪ್ಪಣಿಗೆ ಬರಬೇಕು. ಹೆಸರು ಬೇಡವೆಂದರೆ ‘ಗೇಣಿದಾರ ಕುಟುಂಬದ ಹಿರಿಯರು, ಸಾಗರ ತಾಲ್ಲೂಕು’ ಎಂದರೆ ಸಾಕು. ಜಮೀನಿನ ಒಡೆಯರ ಮನೆಯವರೋ ಗೇಣಿದಾರರ ಮನೆಯವರೋ ಎಂಬುದನ್ನು ಮಾತ್ರ ಬಿಡಬೇಡಿ. ಸಾಕ್ಷ್ಯವನ್ನು ತೂಗಲು ಓದುಗರಿಗೆ ಅದು ಬೇಕೇ ಬೇಕು.

ಹೈದರಾಲಿ 1763ರಲ್ಲಿ ಕೆಳದಿ ಅರಸರ ರಾಜಧಾನಿ ಬಿದನೂರನ್ನು ಗೆದ್ದ ಎಂಬಂಥ ಎಲ್ಲರೂ ಒಪ್ಪಿದ ಸಂಗತಿಗೆ ಟಿಪ್ಪಣಿ ಅನಗತ್ಯ. ಅಲ್ಲಿ ಎಷ್ಟು ಸಂಪತ್ತು ಸಿಕ್ಕಿತು ಎಂದು ಅಂಕಿ ಬರೆದಿರೋ, ಆ ಅಂಕಿಯ ಮೇಲೆ ಟಿಪ್ಪಣಿಯ ಸಂಖ್ಯೆ ಇರಲೇಬೇಕು. ‘ಸಂ.’ ಎಂಬ ಸಂಕ್ಷೇಪವನ್ನು ಸಂಪುಟಕ್ಕೂ ಸಂಪಾದಕರಿಗೂ ಬಳಸಿ ಗೊಂದಲ ಮಾಡಬೇಡಿ. ಎರಡರಲ್ಲಿ ಒಂದನ್ನು ಪೂರ್ತಿಯಾಗಿ ಬರೆಯಿರಿ.