ಜೆರೇನಿಯಂಗೆ ಮಳೆಗಾಲದಲ್ಲಿ ಸೂರು ಬೇಕು

ಆಷಾಢದ ಜಡಿಮಳೆ ಹಿಡಿದು ಹತ್ತು ಹದಿನೈದು ದಿನವಾಗುತ್ತಿದ್ದಂತೆ ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಕಡೆಯಿಂದ ನನಗೆ ಬರುವ ಕರೆಗಳಲ್ಲಿ ಹೆಚ್ಚಿನವು ಜೆರೇನಿಯಂ ಗಿಡದ ಬಗ್ಗೆಯೇ ಇರುತ್ತವೆ. ಬೇಸಿಗೆಯವರೆಗೂ ಗೊಂಚಲು ಗೊಂಚಲಾಗಿ ಹೂ ಬಿಟ್ಟು ಅಂಗಳಕ್ಕೆ ಕಳೆ ತಂದಿದ್ದ ಗಿಡ ಈಗ ಎಲೆ ಹಳದಿಯಾಗಿ, ಕಾಂಡ ಮೆತ್ತಗಾಗಿ ಕೊಳೆಯುತ್ತಿದೆ ಎಂಬುದೇ ಎಲ್ಲರ ದೂರು. ಕಳೆದ ಮಳೆಗಾಲದಲ್ಲಿ ಮೂಡಿಗೆರೆ ಬಳಿಯ ತೋಟದ ಮನೆಯೊಂದಕ್ಕೆ ಹೋಗಿದ್ದೆ. ‘ಸಾರ್, ಗಿಡ ಬಾಡ್ತಿದೆ ಅಂತ ದಿನಾ ಒಂದು ಚೊಂಬು ನೀರು ಹಾಕ್ತಿದ್ದೀನಿ, ಆದ್ರೂ ಚೇತರಿಸ್ಕೊಳ್ತಿಲ್ಲ’ ಎಂದರು ಆ ಮನೆಯ ಗೃಹಿಣಿ. ಕುಂಡದ ಮಣ್ಣಿಗೆ ಬೆರಳಿಟ್ಟರೆ ಬರೀ ಕೆಸರು. ಬುಡದಿಂದ ಎರಡು ಅಂಗುಲದವರೆಗೆ ಕಾಂಡ ಕಪ್ಪಾಗಿ ನೀರೂರಿತ್ತು. ಮೆಲ್ಲನೆ ಎಳೆದದ್ದೇ ತಡ, ಬೇರಿನ ಸಿಪ್ಪೆ ಮಣ್ಣಿನಲ್ಲೇ ಉಳಿದು ಗಿಡ ಕೈಗೆ ಬಂತು. ‘ಅಮ್ಮಾ, ಇದು ಬಾಯಾರಿ ಬಾಡಿದ್ದಲ್ಲ, ಬೇರು ಕೊಳೆತು ಬಾಡಿದ್ದು’ ಎಂದು ಹೇಳಬೇಕಾಯಿತು. ಒದ್ದೆ ಮಣ್ಣಿನಲ್ಲಿ ಪಿಥಿಯಂ ಎಂಬ ಸೂಕ್ಷ್ಮಜೀವಿ ಬೇರನ್ನು ತಿಂದುಹಾಕುತ್ತದೆ; ಬೇರಿಲ್ಲದ ಗಿಡ ನೀರಿನ ನಡುವೆಯೇ ಬಾಡುತ್ತದೆ. ಅದನ್ನು ಕಂಡು ನಾವು ಇನ್ನಷ್ಟು ನೀರು ಸುರಿಯುತ್ತೇವೆ.

ಈ ಗಿಡದ ತವರನ್ನು ತಿಳಿದರೆ ಅದರ ಸ್ವಭಾವ ಅರ್ಥವಾಗುತ್ತದೆ. ನಮ್ಮ ಅಂಗಳಗಳಲ್ಲಿ ಜೆರೇನಿಯಂ ಎನಿಸಿಕೊಂಡಿರುವುದು ಸಸ್ಯಶಾಸ್ತ್ರದ ಪ್ರಕಾರ ಪೆಲಾರ್ಗೋನಿಯಂ. 1753ರಲ್ಲಿ ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ ಇದನ್ನೂ ನಿಜವಾದ ಜೆರೇನಿಯಂ ಗಿಡಗಳನ್ನೂ ಜೆರೇನಿಯಂ ಎಂಬ ಒಂದೇ ಕುಲದಲ್ಲಿ ಸೇರಿಸಿದ್ದ; 1789ರಲ್ಲಿ ಫ್ರಾನ್ಸಿನ ಸಸ್ಯಶಾಸ್ತ್ರಜ್ಞ ಲೆರಿಟಿಯೆ ಅವನ್ನು ಬೇರ್ಪಡಿಸಿದ. ಆದರೂ ಮಾತಿನಲ್ಲಿ ಹಳೆಯ ಹೆಸರೇ ನಿಂತಿತು. ವ್ಯತ್ಯಾಸವನ್ನು ಯಾರು ಬೇಕಾದರೂ ಕಣ್ಣಾರೆ ಕಾಣಬಹುದು. ನಿಜವಾದ ಜೆರೇನಿಯಂ ಹೂವಿನ ಐದು ಎಸಳೂ ಒಂದೇ ತೆರನಾಗಿರುತ್ತವೆ. ನಮ್ಮ ಗಿಡದ ಒಂಟಿಸುತ್ತಿನ ಹೂವಿನಲ್ಲಿ ಮೇಲಿನ ಎರಡು ಎಸಳು ಕೆಳಗಿನ ಮೂರಕ್ಕಿಂತ ಆಕಾರದಲ್ಲೋ ಬಣ್ಣದಲ್ಲೋ ಬೇರೆಯಾಗಿರುತ್ತವೆ. ಹೂವಿನ ತೊಟ್ಟನ್ನು ಬ್ಲೇಡಿನಿಂದ ಅಡ್ಡಲಾಗಿ ಕೊಯ್ದು ನೋಡಿದರೆ ಅದರೊಳಗೆ ಮಕರಂದದ ಸಣ್ಣ ಕೊಳವೆಯೊಂದು ಕಾಣುತ್ತದೆ, ಅದು ಪೆಲಾರ್ಗೋನಿಯಂಗೆ ಮಾತ್ರ ಇರುವ ಗುರುತು. ಇದರ ಹೆಚ್ಚಿನ ಜಾತಿಗಳು ದಕ್ಷಿಣ ಆಫ್ರಿಕಾದವು. ಬಿಸಿಲು, ಗಾಳಿ, ಬೇಗ ಬಸಿದು ಒಣಗುವ ನೆಲ ಇವೇ ಅವುಗಳಿಗೆ ರೂಢಿ. ದಪ್ಪ ಕಾಂಡದಲ್ಲಿ ತನಗೆ ಬೇಕಾದ ನೀರನ್ನು ಕೂಡಿಟ್ಟುಕೊಳ್ಳುವ ಗಿಡವಿದು, ನಾಲ್ಕು ದಿನ ನೀರು ತಪ್ಪಿದರೂ ತಡೆದುಕೊಳ್ಳುತ್ತದೆ, ನಾಲ್ಕು ದಿನ ಬೇರು ನೀರಿನಲ್ಲಿ ನಿಂತರೆ ತಡೆದುಕೊಳ್ಳದು.

ಚಳಿದೇಶಗಳ ತೋಟಗಾರಿಕೆ ಪುಸ್ತಕಗಳಲ್ಲಿ ಹಿಮ ಬೀಳುವ ಮೊದಲು ಜೆರೇನಿಯಂ ಕುಂಡಗಳನ್ನು ಮನೆಯೊಳಗೆ ತರಬೇಕೆಂದು ಬರೆದಿರುತ್ತದೆ. ಅದನ್ನು ಓದಿ ನಮ್ಮಲ್ಲಿ ಕೆಲವರು ಡಿಸೆಂಬರಿನಲ್ಲಿ ಕುಂಡಗಳನ್ನು ಒಳಗಿಟ್ಟು ಜೂನ್ ತಿಂಗಳಲ್ಲಿ ಹೊರಗಿಡುತ್ತಾರೆ, ಇದು ತೀರ ತಿರುವುಮುರುವಾದ ಕ್ರಮ. ಚಿಕ್ಕಮಗಳೂರಿನ ಹಗಲು ಬಿಸಿಲು, ಇರುಳು ತಂಪಿನ ಚಳಿಗಾಲವೇ ಈ ಗಿಡಕ್ಕೆ ಹಬ್ಬ. ನಾವು ಕುಂಡಗಳನ್ನು ಎತ್ತಿಡಬೇಕಾದದ್ದು ಮೃಗಶಿರಾ ಮಳೆ ಹುಟ್ಟುವ ಮುಂಚೆ. ಮಲೆನಾಡಿನ ಮನೆಗಳ ಜಗಲಿ ಇದಕ್ಕೆ ಹೇಳಿ ಮಾಡಿಸಿದಂತಿದೆ. ಪೂರ್ವ ಅಥವಾ ದಕ್ಷಿಣಕ್ಕೆ ತೆರೆದ ಜಗಲಿಯಲ್ಲಿ, ಹೆಂಚಿನ ಸೂರಿನಿಂದ ಇಳಿಯುವ ನೀರಿನ ಎರಚಲು ತಾಗದಷ್ಟು ಒಳಗೆ, ಕುಂಡಗಳನ್ನು ಇಟ್ಟಿಗೆಯ ಮೇಲೆ ಒಂದಕ್ಕೊಂದು ಎಲೆ ತಾಗದಂತೆ ಇಡಬೇಕು. ಕುಂಡದಡಿಯ ತಟ್ಟೆಗಳನ್ನು ಆ ನಾಲ್ಕು ತಿಂಗಳು ತೆಗೆದೇ ಇಡುವುದು ಒಳ್ಳೆಯದು. ವಾರಕ್ಕೊಮ್ಮೆ ಬೆರಳಿಟ್ಟು ನೋಡಿ, ಮೇಲಿನ ಒಂದು ಅಂಗುಲ ಮಣ್ಣು ಒಣಗಿದ್ದರೆ ಮಾತ್ರ ನೀರು.

ಅರಸೀಕೆರೆ, ಕಡೂರಿನ ಬಯಲುಸೀಮೆಯಲ್ಲಿ ಮಾತ್ರ ಈ ಲೆಕ್ಕ ಬದಲಾಗುತ್ತದೆ. ಅಲ್ಲಿ ಮಳೆಗಿಂತ ಏಪ್ರಿಲ್‌ನ ಮಧ್ಯಾಹ್ನದ ಬಿಸಿಲೇ ಕಾಟ. ಉರಿಯಲ್ಲಿ ಗಿಡ ಮೊಗ್ಗು ಕಟ್ಟುವುದನ್ನು ನಿಲ್ಲಿಸುತ್ತದೆ, ಸಾಯುವುದಿಲ್ಲ. ಹನ್ನೊಂದು ಗಂಟೆಯ ಮೇಲೆ ನೆರಳು ಸಿಗುವ ಕಡೆ ಇಟ್ಟರೆ ಸಾಕು.

ಕುಂಡದ ಮಣ್ಣಿಗೆ ನಾನು ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ದಪ್ಪ ಮರಳು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸುತ್ತೇನೆ. ಮಳೆ ಹೆಚ್ಚಿರುವ ಕಡೆ ಮರಳನ್ನು ಇನ್ನರ್ಧ ಪಾಲು ಹೆಚ್ಚಿಸುತ್ತೇನೆ. ಮಣ್ಣಿನ ಕುಂಡವೇ ಮೇಲು, ಅದರ ಮೈಯಿಂದ ತೇವ ಆರುತ್ತದೆ. ಕಾಫಿಗೆ ತಂದ ಯೂರಿಯಾ ಉಳಿದಿದೆಯೆಂದು ಇದಕ್ಕೆ ಹಾಕುವವರಿದ್ದಾರೆ. ಅದರಿಂದ ಎಲೆ ಅಂಗೈಯಗಲ ಬೆಳೆಯುತ್ತದೆ, ಹೂವು ಬರುವುದಿಲ್ಲ. ಹೂ ಬಿಡುವ ಕಾಲದಲ್ಲಿ ಪೊಟ್ಯಾಷ್ ಹೆಚ್ಚಿರುವ ಗೊಬ್ಬರವನ್ನು ತೆಳ್ಳಗೆ ನೀರಿನಲ್ಲಿ ಕರಗಿಸಿ ಹದಿನೈದು ದಿನಕ್ಕೊಮ್ಮೆ ಕೊಡಬೇಕು. ಒಣಗಿದ ಗೊಂಚಲನ್ನು ಹೂವಷ್ಟೇ ಕಿತ್ತು ಬಿಡದೆ, ಉದ್ದನೆಯ ತೊಟ್ಟನ್ನು ಬುಡದಲ್ಲಿ ಹಿಡಿದು ಪಕ್ಕಕ್ಕೆ ಬಾಗಿಸಿದರೆ ಚಟ್ಟನೆ ಮುರಿದು ಬರುತ್ತದೆ.

ಮನೆಯೊಳಗೇ ಬೆಳೆಸುವವರು ಬೆಳಕಿನ ವಿಷಯದಲ್ಲಿ ರಾಜಿ ಮಾಡಿಕೊಳ್ಳಬಾರದು. ದಿನಕ್ಕೆ ಐದಾರು ಗಂಟೆ ಬಿಸಿಲು ಬೀಳುವ ಕಿಟಕಿ ಇಲ್ಲದಿದ್ದರೆ ಗಿಣ್ಣುಗಳ ನಡುವಿನ ಅಂತರ ಹೆಚ್ಚಿ, ಗಿಡ ಸೊರಗಿ ಉದ್ದವಾಗುತ್ತದೆ. ತೂಗುಕುಂಡಕ್ಕೆ ಐವಿ ಎಲೆಯ ಬಗೆ ಚೆನ್ನ. ದೊಡ್ಡ ಹೂವಿನ ರೀಗಲ್ ಬಗೆಯನ್ನು ಕಂಡು ಆಸೆಪಡುವವರಿಗೆ ನಾನು ತಡೆದು ಹೇಳುವುದುಂಟು: ಮೊಗ್ಗು ಕಟ್ಟಲು ಅದಕ್ಕೆ ಹಲವು ವಾರ ತಂಪಾದ ಇರುಳು ಬೇಕು, ಗಿರಿಯ ಮಗ್ಗುಲಿನ ಎತ್ತರದ ತೋಟಗಳಲ್ಲಿ ಅದನ್ನು ನೆಚ್ಚಬಹುದು, ಬಯಲಿನಲ್ಲಿ ನೆಚ್ಚಲಾಗದು. ಎಲೆ ಉಜ್ಜಿದರೆ ಗುಲಾಬಿಯಂತೆ ಕಂಪು ಬರುವ ಬಗೆಯನ್ನು ಸೊಳ್ಳೆ ಓಡಿಸುವ ಗಿಡವೆಂದು ಮಾರುತ್ತಾರೆ. ಕುಂಡದಲ್ಲಿ ಸುಮ್ಮನೆ ನಿಂತ ಗಿಡಕ್ಕೆ ಸೊಳ್ಳೆ ಹೆದರುವುದಿಲ್ಲ. ಅದನ್ನು ಕಂಪಿಗಾಗಿಯೇ ಬೆಳೆಸಬೇಕು.

ಕಾಫಿ ಬೆಳೆಗಾರರು ಎಲೆಯಡಿಯ ಕಂದು ಪುಡಿಯನ್ನು ಕಂಡ ಕೂಡಲೇ, ತೋಟದ ತುಕ್ಕು ಇದಕ್ಕೂ ಹತ್ತಿತೇ ಎಂದು ಕೇಳುತ್ತಾರೆ. ಎರಡಕ್ಕೂ ತುಕ್ಕು ರೋಗವೆಂದೇ ಹೆಸರು, ಆದರೆ ಶಿಲೀಂಧ್ರಗಳು ಬೇರೆ. ಕಾಫಿಯದು ಹೆಮಿಲಿಯಾ, ಜೆರೇನಿಯಂನದು ಪಕ್ಸೀನಿಯಾ. ಒಂದರಿಂದ ಇನ್ನೊಂದಕ್ಕೆ ಹರಡುವುದಿಲ್ಲ. ಎಲೆಯ ಮೇಲೆ ಹಳದಿ ಚುಕ್ಕೆ, ಅದರ ತಳದಲ್ಲಿ ಬಳೆಯಂತೆ ಸುತ್ತುಗಟ್ಟಿದ ಕಂದು ಗುಳ್ಳೆಗಳು ಇದರ ಲಕ್ಷಣ. ಅಂಥ ಎಲೆಗಳನ್ನು ಕಿತ್ತು ಸುಟ್ಟು, ಎಲೆಗೆ ನೀರು ತಾಗದಂತೆ ಬುಡಕ್ಕೆ ಮಾತ್ರ ಹಾಕಿದರೆ ರೋಗ ಹಿಡಿತಕ್ಕೆ ಬರುತ್ತದೆ.

ಎಷ್ಟೇ ಜೋಪಾನ ಮಾಡಿದರೂ ಮಲೆನಾಡಿನ ಮಳೆಗೆ ಒಂದೆರಡು ಗಿಡ ಹೋಗುತ್ತವೆ. ಆದ್ದರಿಂದ ದಸರಾ ಕಳೆದು ಬಿಸಿಲು ಮೂಡಿದೊಡನೆ ಹೊಸ ಕಡ್ಡಿ ನೆಡುವುದನ್ನು ನಾನು ವರ್ಷವೂ ತಪ್ಪಿಸುವುದಿಲ್ಲ. ಹೂವಿಲ್ಲದ ಗಟ್ಟಿ ಚಿಗುರನ್ನು ಮೂರು ನಾಲ್ಕು ಅಂಗುಲ ಉದ್ದಕ್ಕೆ, ಗಿಣ್ಣಿನ ಕೆಳಗೆ ಕತ್ತರಿಸಬೇಕು. ಪ್ರತಿ ಗಿಡಕ್ಕೂ ಬ್ಲೇಡನ್ನು ಸ್ಪಿರಿಟ್‌ನಿಂದ ಒರೆಸಿಕೊಳ್ಳಿ, ಏಕೆಂದರೆ ಈ ಗಿಡಕ್ಕೆ ತಗಲುವ ಬ್ಯಾಕ್ಟೀರಿಯಾ ಕೊಳೆಗೆ ಮದ್ದಿಲ್ಲ ಮತ್ತು ಅದು ಬ್ಲೇಡಿನಲ್ಲೇ ಸಾಗುತ್ತದೆ. ಮೇಲಿನ ಎರಡು ಮೂರು ಎಲೆ ಬಿಟ್ಟು ಉಳಿದವನ್ನು ತೆಗೆದು, ಕಡ್ಡಿಯನ್ನು ನೆರಳಿನಲ್ಲಿ ಅರ್ಧ ದಿನ ಹಾಗೇ ಇಟ್ಟರೆ ಗಾಯ ಒಣಗಿ ತೆಳ್ಳನೆ ಪೊರೆ ಕಟ್ಟುತ್ತದೆ. ಬೇರೆ ಗಿಡಗಳಿಗೆ ಮಾಡುವಂತೆ ಪ್ಲಾಸ್ಟಿಕ್ ಚೀಲ ಮುಚ್ಚಿದರೆ ಇದು ಕೊಳೆಯುತ್ತದೆ. ತೊಳೆದ ಮರಳಿನಲ್ಲಿ ಊರಿ, ಮರಳು ತುಸು ತೇವವಿರುವಷ್ಟು ನೀರು ಹಾಕಿದರೆ ಮೂರು ನಾಲ್ಕು ವಾರದಲ್ಲಿ ಬೇರು ಬಿಡುತ್ತದೆ. ಆಗ ನಾಲ್ಕಂಗುಲದ ಕುಂಡಕ್ಕೆ ಬದಲಿಸಿ, ಹೊಸ ಎಲೆಗಳು ಬಂದೊಡನೆ ತುದಿ ಚಿವುಟಬೇಕು. ಹಾಗೆ ಬೆಳೆಸಿದ ಗಿಡಗಳು ಶಿವರಾತ್ರಿಯ ಹೊತ್ತಿಗೆ ಹೂ ಬಿಡುತ್ತವೆ. ತಾಯಿಗಿಡವನ್ನು ಎರಡು ಮೂರು ಗಿಣ್ಣು ಉಳಿಸಿ ಕತ್ತರಿಸಿದರೆ ಅದೂ ಚಿಗುರುತ್ತದೆ. ಮೂರನೆಯ ಮಳೆಗಾಲ ದಾಟಿ ಕಾಂಡ ಮರದಂತಾದ ಗಿಡವನ್ನು ಮಾತ್ರ ನಾನು ಇಟ್ಟುಕೊಳ್ಳುವುದಿಲ್ಲ.